ಟ್ರೇಲರ್‌ನ ಹೈಡ್ರಾಲಿಕ್ ಜ್ಯಾಕ್ ಕೈಕೊಟ್ಟರೆ ಮೊದಲು ಕೇಬಲ್ ನೋಡಿ

ಕಾರಿನ ಹಿಂದೆ ಎಳೆದೊಯ್ಯುವ ಪ್ರವಾಸದ ಟ್ರೇಲರನ್ನು ಜ್ಯಾಕ್‌ಗಳೆಂಬ ಕಾಲುಗಳ ಮೇಲೆ ಆಯಿಲ್ ಒತ್ತಡದಿಂದ ಸಮಮಟ್ಟದಲ್ಲಿ ನಿಲ್ಲಿಸುವ ಹೈಡ್ರಾಲಿಕ್ ಲೆವೆಲಿಂಗ್ ವ್ಯವಸ್ಥೆ ಕೈಕೊಟ್ಟಾಗ ಬಹುಮಂದಿ ಮೊದಲು ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆಯುತ್ತಾರೆ, ಆಮೇಲೆ ಹೋಸ್ ಬಿಚ್ಚುತ್ತಾರೆ, ಕೊನೆಗೆ ಪಂಪನ್ನೇ ಬದಲಾಯಿಸುವ ಮಾತಿಗೆ ಬರುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಕಂಡಂತೆ, ಹೈಡ್ರಾಲಿಕ್ ದೋಷದ ಹಾಗೆ ತೋರುವ ತೊಂದರೆಗಳಲ್ಲಿ ದೊಡ್ಡ ಪಾಲು ವಿದ್ಯುತ್ತಿಗೆ ಸೇರಿದ್ದು. ಉಳಿದವುಗಳಲ್ಲಿ ಕೆಲವು ನೆಲಕ್ಕೆ, ಕೆಲವು ಬಿಸಿಲು ಚಳಿಗೆ ಸಂಬಂಧಿಸಿದವು. ಆಯಿಲ್, ಸೀಲ್, ವಾಲ್ವ್‌ಗಳ ನಿಜವಾದ ದೋಷ ಎಲ್ಲಕ್ಕಿಂತ ಕೊನೆಯಲ್ಲಿ ಪರೀಕ್ಷಿಸಬೇಕಾದದ್ದು.

ನಮ್ಮ ಟ್ರೇಲರ್ ನೆಲಮಂಗಲದ ಕಡೆಯ ಸೈಟಿನಲ್ಲಿ ನಿಂತಿರುತ್ತದೆ. ಅದರ ಮೈ ಇಲ್ಲಿಯೇ ಕಟ್ಟಿಸಿದ್ದು, ಲೆವೆಲಿಂಗ್ ಕಿಟ್ ಮಾತ್ರ ಅಮೆರಿಕದಿಂದ ತರಿಸಿದ್ದು. ಇಂಥ ಕಿಟ್‌ಗಳು ಆ ದೇಶದ ದೊಡ್ಡ ಟ್ರೇಲರ್‌ಗಳಿಗೆಂದೇ ಬೆಳೆದು ಬಂದವು. ಅಲ್ಲಿ ರಿಪೇರಿ ಮಾಡುವವರು ಹೆಜ್ಜೆಹೆಜ್ಜೆಗೆ ಸಿಗುತ್ತಾರೆ, ಬೆಂಗಳೂರಿನಲ್ಲಿ ಸಿಗುವುದಿಲ್ಲ. ಆದರೆ ಕಿಟ್‌ನೊಳಗಿರುವುದು ಅಪರೂಪದ ವಸ್ತುವೇನಲ್ಲ. 12 ವೋಲ್ಟಿನ ಡಿಸಿ ಮೋಟಾರ್, ಅದಕ್ಕೆ ಜೋಡಿಸಿದ ಪುಟ್ಟ ಗೇರ್ ಪಂಪ್, ಕೆಲವು ಲೀಟರ್ ಆಯಿಲ್ ಹಿಡಿಯುವ ಟ್ಯಾಂಕ್, ಪ್ರತಿ ಜ್ಯಾಕಿಗೂ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದೊಂದು ಸೊಲೆನಾಯ್ಡ್ ವಾಲ್ವ್, ಓರೆಯನ್ನು ಅಳೆಯುವ ಸೆನ್ಸರ್ ಇರುವ ಕಂಟ್ರೋಲರ್, ಒಂದು ಬಟನ್ ಪ್ಯಾಡ್. ಗೋದಾಮುಗಳಲ್ಲಿ ಸಾಮಾನು ಎತ್ತುವ ಬ್ಯಾಟರಿ ಸ್ಟ್ಯಾಕರ್‌ಗಳಲ್ಲಿಯೂ, ಸರಕು ಲಾರಿಗಳ ಹಿಂಬದಿಯ ಲಿಫ್ಟ್‌ಗಳಲ್ಲಿಯೂ ಇರುವುದು ಇದೇ ಜಾತಿಯ ಪವರ್ ಪ್ಯಾಕ್, ಅಂದರೆ ಮೋಟಾರ್, ಪಂಪ್, ಟ್ಯಾಂಕ್ ಸೇರಿದ ಘಟಕ. ತುಮಕೂರು ರಸ್ತೆಯುದ್ದಕ್ಕೂ ಗೋದಾಮುಗಳಿವೆ, ಪೀಣ್ಯದಲ್ಲಿ ಹೈಡ್ರಾಲಿಕ್ ಕೆಲಸ ಬಲ್ಲ ವರ್ಕ್‌ಶಾಪ್‌ಗಳಿವೆ. ಆದ್ದರಿಂದ ಈ ಊರಿನಲ್ಲಿ ಟ್ರೇಲರ್ ಮೆಕ್ಯಾನಿಕ್ಕನ್ನು ಹುಡುಕುತ್ತ ಅಲೆಯುವುದಕ್ಕಿಂತ, ಸ್ಟ್ಯಾಕರ್ ರಿಪೇರಿ ಮಾಡುವವರ ಬಳಿ ಹೋಗುವುದು ಮೇಲು.

ಟ್ರೇಲರ್ ಸಮಮಟ್ಟದಲ್ಲಿ ನಿಲ್ಲಲೇಬೇಕೆಂಬ ಹಟ ಬರೀ ನಿದ್ದೆಯ ಸುಖಕ್ಕಾಗಿ ಅಲ್ಲ. ಗ್ಯಾಸಿನಿಂದಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ ಇದ್ದರೆ ಅದು ಪ್ರಾಣ ಉಳಿಸಿಕೊಳ್ಳುವುದೇ ಈ ಮಟ್ಟದಿಂದ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ ಬೆರೆತ ನೀರು ಬಿಸಿಯಾಗಿ ಮೇಲೇರಿ, ಗುರುತ್ವದಿಂದಲೇ ಇಳಿಜಾರಿನ ಕೊಳವೆಗಳಲ್ಲಿ ಹರಿದು ವಾಪಸು ಬರಬೇಕು. ಫ್ರಿಜ್ ಓರೆಯಾಗಿ ನಿಂತು ಬಹಳ ಹೊತ್ತು ನಡೆದರೆ ದ್ರವ ಎಲ್ಲೋ ತಂಗುತ್ತದೆ, ಬಾಯ್ಲರ್ ಕೊಳವೆ ಅತಿಯಾಗಿ ಕಾಯುತ್ತದೆ, ತುಕ್ಕು ಹಿಡಿಯದಿರಲೆಂದು ಸೇರಿಸಿದ ಕ್ರೋಮೇಟ್ ಲವಣ ಹರಳುಗಟ್ಟಿ ಕೊಳವೆಯನ್ನು ಮುಚ್ಚುತ್ತದೆ. ಒಮ್ಮೆ ಹಾಗೆ ಮುಚ್ಚಿಕೊಂಡ ಘಟಕವನ್ನು ಸಾಮಾನ್ಯವಾಗಿ ಬದಲಾಯಿಸಬೇಕಾಗುತ್ತದೆ. ಈಚಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗಳಿಗೆ ಈ ಭಯ ಬಹಳ ಕಡಿಮೆ.

ಈಗ ಕೇಬಲ್ ವಿಷಯಕ್ಕೆ ಬರುತ್ತೇನೆ. ನಮ್ಮ ಪಂಪ್ ಒಂದು ಹಂತದಲ್ಲಿ ವಿಚಿತ್ರವಾಗಿ ವರ್ತಿಸತೊಡಗಿತು: ಮುಂದಿನ ಎರಡು ಜ್ಯಾಕ್‌ಗಳು ಸರಿಯಾಗಿ ಇಳಿಯುತ್ತಿದ್ದವು, ಹಿಂದಿನವು ನೆಲ ಮುಟ್ಟಿದ ಕೂಡಲೇ ಮೋಟಾರಿನ ಸದ್ದು ನರಳಿದಂತಾಗಿ, ಪ್ಯಾಡಿನ ಮೇಲೆ ವೋಲ್ಟೇಜ್ ಕಡಿಮೆ ಎಂಬ ಸೂಚನೆ ಬಂದು ಎಲ್ಲವೂ ನಿಂತುಬಿಡುತ್ತಿತ್ತು. ಒಂದು ಸರ್ವಿಸ್ ಕೇಂದ್ರದವರು ಪಂಪ್ ಸವೆದಿದೆ, ಇಡೀ ಪವರ್ ಪ್ಯಾಕ್ ಬದಲಾಯಿಸಿ ಎಂದರು. ಪೀಣ್ಯದಲ್ಲಿ ಸ್ಟ್ಯಾಕರ್ ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರು ಸದ್ದನ್ನು ಕೇಳಿಯೇ, "ಪಂಪು ಚೆನ್ನಾಗೇ ಇದೆ ಸಾರ್, ಅದಕ್ಕೆ ಊಟ ಸಾಲ್ತಿಲ್ಲ. ಬ್ಯಾಟರಿ ಹತ್ರ ಅಲ್ಲ, ಪಂಪಿನ ಹತ್ರ ಮೀಟರ್ ಇಟ್ಟು ನೋಡಿ" ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಪಂಪ್ ಭಾರ ಎತ್ತುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 12 ವೋಲ್ಟಿನ ಆಸುಪಾಸು ಇದ್ದದ್ದು, ಪಂಪಿನ ತುದಿಗಳಲ್ಲಿ 10ಕ್ಕಿಂತ ಕೆಳಗಿತ್ತು.

ನಡುವೆ ಎರಡು ವೋಲ್ಟ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಣ್ಣ ಲೆಕ್ಕ ಸಾಕು. ಭಾರ ಬಿದ್ದಾಗ ಈ ಮೋಟಾರ್ ಸುಮಾರು 100 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಒಂದು ಓಮಿನ ನೂರನೇ ಒಂದು ಭಾಗದಷ್ಟು ಅಡ್ಡಿ ಇದ್ದರೂ ಒಂದು ಇಡೀ ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಬ್ಯಾಟರಿಯಿಂದ ಪಂಪಿಗೆ 6 ಮೀಟರ್ ದೂರವಿದ್ದರೆ, ಹೋಗಿ ಬರುವ ದಾರಿ ಸೇರಿ 12 ಮೀಟರ್ ತಾಮ್ರ. 16 ಸ್ಕ್ವೇರ್ ಎಂಎಂ ಕೇಬಲ್ ಹಾಕಿದ್ದರೆ ಅದೊಂದರಲ್ಲಿಯೇ ಸುಮಾರು 1.3 ವೋಲ್ಟ್ ಹೋಗುತ್ತದೆ. 25 ಸ್ಕ್ವೇರ್ ಹಾಕಿದರೆ ಸುಮಾರು 0.8, 50 ಸ್ಕ್ವೇರ್ ಹಾಕಿದರೆ 0.4. ಇದರ ಮೇಲೆ ಪ್ರತಿ ಲಗ್ (ಕೇಬಲ್ ತುದಿಯ ಲೋಹದ ಕೊಂಡಿ), ಪ್ರತಿ ಫ್ಯೂಸ್, ಪ್ರತಿ ಬಾಡಿ ಅರ್ಥ್ (ಮೈನಸ್ ಕೇಬಲ್ ಛಾಸಿಗೆ ಸೇರುವ ಜಾಗ) ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಟ್ರೇಲರ್ ಕಟ್ಟುವವರು ಛಾಸಿಗೆ ಬಣ್ಣ ಬಳಿದ ಮೇಲೆ ಅರ್ಥ್ ಬೋಲ್ಟ್ ಬಿಗಿಯುವುದು ಬಹಳ ಸಾಮಾನ್ಯ. ಬಣ್ಣದ ಪದರದ ಮೇಲೆ ಕೂತ ಲಗ್ ಬೆಳಕಿನ ಬಲ್ಬಿಗೆ ಸಾಕಾಗುವಷ್ಟು ಕರೆಂಟ್ ಬಿಡುತ್ತದೆ, ಆದರೆ ಪಂಪಿಗೆ ಬಿಡುವುದಿಲ್ಲ. ಬ್ರೇಕ್ ದೀಪ, ಒಳಗಿನ ದೀಪ ಎಲ್ಲವೂ ಉರಿಯುತ್ತಿರುವುದರಿಂದ ವೈರಿಂಗ್ ಸರಿ ಇದೆ ಎಂಬ ತೀರ್ಮಾನಕ್ಕೆ ಬರುವುದು ಅದಕ್ಕಾಗಿಯೇ ಅಪಾಯಕರ.

ಅಳೆಯುವ ವಿಧಾನ ಸುಲಭ, ಇಬ್ಬರು ಬೇಕು ಅಷ್ಟೇ. ಮನೆಯಾಕೆ ಬಟನ್ ಒತ್ತಿ ಹಿಡಿಯುತ್ತಾರೆ, ನಾನು ಮೀಟರ್ ಹಿಡಿಯುತ್ತೇನೆ. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಮೋಟಾರಿನ ಪ್ಲಸ್ ಸ್ಟಡ್ ಮೇಲೆ. ಪಂಪ್ ಕೆಲಸ ಮಾಡುತ್ತಿರುವಾಗ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ದೋಷವಿದೆ. ಅದೇ ರೀತಿ ಬ್ಯಾಟರಿಯ ಮೈನಸ್‌ನಿಂದ ಮೋಟಾರಿನ ಮೈಗೆ. ಆಮೇಲೆ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಎರಡು ದಪ್ಪ ಸ್ಟಡ್‌ಗಳ ನಡುವೆ: ಅದು ಕ್ಲಿಕ್ ಎಂದು ಕೂತ ಮೇಲೆ ಅಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆಯಾಗಬೇಕು, ಆಗದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ನಮ್ಮಲ್ಲಿ ಮೈನಸ್ ಬದಿಯೇ ಅಪರಾಧಿಯಾಗಿತ್ತು. ಅರ್ಥ್ ಬೋಲ್ಟಿನ ಸುತ್ತ ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದು, ಎಸ್.ಜೆ.ಪಿ. ರಸ್ತೆಯಿಂದ ತಂದ ದಪ್ಪ ವೆಲ್ಡಿಂಗ್ ಕೇಬಲ್ಲಿಗೆ ಲಗ್ ಪ್ರೆಸ್ ಮಾಡಿಸಿ, ಬ್ಯಾಟರಿಯ ಮೈನಸ್‌ನಿಂದ ನೇರವಾಗಿ ಮೋಟಾರಿನ ಮೈಗೆ ಎಳೆದೆವು. ಸವೆದಿದೆ ಎಂದಿದ್ದ ಅದೇ ಪಂಪ್ ಇಂದಿಗೂ ಕೆಲಸ ಮಾಡುತ್ತಿದೆ.

ಬ್ಯಾಟರಿಯ ಕುರಿತು ಎರಡು ಮಾತು ಸೇರಿಸಬೇಕು. ಟ್ರೇಲರನ್ನು ಮನೆಯ ಕರೆಂಟಿಗೆ ಜೋಡಿಸಿದ್ದರೆ, ಅಥವಾ ಕಾರಿನ ಎಂಜಿನ್ ಓಡುತ್ತಿದ್ದರೆ, ಬ್ಯಾಟರಿ ದುರ್ಬಲವಾಗಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಇದೆ. ಚಾರ್ಜರ್ ಕೊಡುವುದು 20, 30 ಆಂಪಿಯರ್. ಕಾರಿನಿಂದ ಪ್ಲಗ್ ಮೂಲಕ ಬರುವುದು ಅದಕ್ಕಿಂತಲೂ ಕಡಿಮೆ. ಪಂಪಿಗೆ ಬೇಕಾದ ನೂರನ್ನು ಬ್ಯಾಟರಿಯೇ ಕೊಡಬೇಕು. ಎರಡನೆಯದು, ಈಗ ಹಲವರು ಲೀಥಿಯಂ ಬ್ಯಾಟರಿಗೆ ಬದಲಾಗುತ್ತಿದ್ದಾರೆ. ಅದರೊಳಗಿನ ರಕ್ಷಣಾ ಸರ್ಕ್ಯೂಟಿನ ಮಿತಿ 100 ಆಂಪಿಯರ್ ಆಗಿದ್ದರೆ, ಮೋಟಾರ್ ಶುರುವಾಗುವ ಕ್ಷಣದ ಎಳೆತಕ್ಕೆ ಅದು ಒಮ್ಮೆಲೇ ಬಾಗಿಲು ಹಾಕಿಕೊಳ್ಳಬಹುದು. ಆಗ ದೀಪವೂ ಸೇರಿ ಇಡೀ ಟ್ರೇಲರ್ ಸತ್ತಂತಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಏನೂ ಆಗದವರ ಹಾಗೆ ಎದ್ದು ಕೂರುತ್ತದೆ. ಇಂಥ ಲಕ್ಷಣ ಕಂಡರೆ ಪಂಪನ್ನು ಅನುಮಾನಿಸುವ ಅಗತ್ಯವಿಲ್ಲ.

ಬೆಳಗಾಗುವ ಹೊತ್ತಿಗೆ ಟ್ರೇಲರಿನ ಒಂದು ಮೂಲೆ ಕುಸಿದಿರುವುದು ಇನ್ನೊಂದು ದೂರು. ಇದನ್ನು ಕಂಡ ಕೂಡಲೇ ಸೀಲ್ ಹೋಗಿದೆ ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ, ಕಾಲಿನ ಕೆಳಗೆ ಏನಿಟ್ಟಿದ್ದಿರಿ ಎಂಬುದು. 20 ಸೆಂ.ಮೀ. ಚೌಕದ ಪಾದದ ಮೇಲೆ 800 ಕೆ.ಜಿ. ಭಾರ ಕೂತರೆ ಪ್ರತಿ ಚದರ ಸೆಂ.ಮೀ.ಗೆ 2 ಕೆ.ಜಿ. ಒತ್ತಡ. ಒಣಗಿದ ನಮ್ಮ ಕೆಮ್ಮಣ್ಣು ಅದನ್ನು ತಡೆದುಕೊಳ್ಳುತ್ತದೆ; ರಾತ್ರಿ ಒಂದು ಮಳೆ ಬಿದ್ದರೆ ತಡೆದುಕೊಳ್ಳುವುದಿಲ್ಲ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ನಿಲ್ಲಿಸಿದಾಗಂತೂ ಪಾದ ಮಣ್ಣಿನೊಳಗೆ ಇಳಿದದ್ದು ಕಣ್ಣಿಗೇ ಕಾಣುತ್ತದೆ. ಸೆಂಟ್ರಿಂಗಿಗೆ ಬಳಸುವ ದಪ್ಪ ಪ್ಲೈವುಡ್ಡನ್ನು 40 ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಎರಡು ಪದರಗಳನ್ನು ನಾರಿನ ದಿಕ್ಕು ಅಡ್ಡವಾಗುವಂತೆ ಇಟ್ಟರೆ ಒತ್ತಡ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಿಂದೆ ಮುಂದೆ ಯೋಚಿಸದೆ ಮಾಡಬಹುದಾದ, ಖರ್ಚೇ ಇಲ್ಲದ ಪರಿಹಾರ ಇದು.

ನೆಲ ಗಟ್ಟಿಯಾಗಿದ್ದೂ ಕಾಲು ಕುಸಿಯುತ್ತಿದ್ದರೆ ಸಂಜೆ ಜ್ಯಾಕಿನ ಹೊಳೆಯುವ ರಾಡಿನ ಮೇಲೆ, ಸೀಲ್ ಕೂರುವ ಜಾಗದಿಂದ ಒಂದಿಷ್ಟು ಕೆಳಗೆ, ಮಾರ್ಕರ್‌ನಿಂದ ಗುರುತು ಹಾಕಿ, ಎರಡರ ನಡುವಿನ ದೂರವನ್ನು ಆಗಲೂ ಬೆಳಿಗ್ಗೆಯೂ ಅಳೆಯಬೇಕು. ನಾಲ್ಕೂ ಕಾಲುಗಳು ಕೆಲವೇ ಮಿ.ಮೀ. ಕುಗ್ಗಿದ್ದರೆ ಅದು ಸೋರಿಕೆಯಲ್ಲ, ಆಯಿಲ್ ತಣ್ಣಗಾಗಿ ಕುಗ್ಗಿದ್ದು. ಹೈಡ್ರಾಲಿಕ್ ಆಯಿಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.07 ಶೇಕಡಾ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕಾದ ಸಿಲಿಂಡರಿನ ಆಯಿಲ್ ಬೆಳಗಿನ ಜಾವಕ್ಕೆ 20 ಡಿಗ್ರಿ ಇಳಿದರೆ, 40 ಸೆಂ.ಮೀ. ಎತ್ತರದ ಆಯಿಲ್ ಕಂಬ 5ರಿಂದ 6 ಮಿ.ಮೀ. ಕುಗ್ಗುತ್ತದೆ. ಪಶ್ಚಿಮದ ಬಿಸಿಲಿಗೆ ಬಿದ್ದ ಬದಿಯ ಕಾಲುಗಳು ನೆರಳಿನ ಬದಿಯವುಗಳಿಗಿಂತ ಹೆಚ್ಚು ಕುಗ್ಗುವುದರಿಂದ ಟ್ರೇಲರ್ ಒಂದು ಕಡೆಗೆ ವಾಲಿದಂತೆಯೂ ಕಾಣುತ್ತದೆ. ಸೂರ್ಯ ಮುಳುಗಿ ತಂಪಾದ ಮೇಲೆ ಇನ್ನೊಮ್ಮೆ ಲೆವೆಲ್ ಮಾಡಿ ಮಲಗಿದರೆ ಈ ತೊಂದರೆ ಬಹುಪಾಲು ಇಲ್ಲವಾಗುತ್ತದೆ.

ಒಂದೇ ಕಾಲು, ಅದೂ ಸೆಂಟಿಮೀಟರುಗಟ್ಟಲೆ ಕುಗ್ಗಿದ್ದರೆ ಆಗ ವಾಲ್ವ್ ಕಡೆ ನೋಡಬೇಕು. ಹೊರಗೆಲ್ಲೂ ಆಯಿಲ್ ಕಾಣದೆ ಕಾಲು ಕುಗ್ಗಿದರೆ, ಆಯಿಲ್ ವಾಲ್ವಿನ ಮೂಲಕ ಮೆಲ್ಲನೆ ಟ್ಯಾಂಕಿಗೆ ಮರಳುತ್ತಿದೆ ಎಂದರ್ಥ. ವಾಲ್ವಿನ ಸೀಟಿನ ಮೇಲೆ ಕೂದಲೆಳೆಯಷ್ಟು ಕಸ ಕೂತರೂ ಇದಕ್ಕೆ ಸಾಕು. ಆ ಕಾಲನ್ನು ಪೂರ್ತಿ ಇಳಿಸಿ ಪೂರ್ತಿ ಏರಿಸಿ ಹಲವು ಬಾರಿ ಆಡಿಸಿದರೆ ಕಸ ಕೊಚ್ಚಿಹೋಗುವುದುಂಟು. ಹೋಗದಿದ್ದರೆ ಕಾರ್ಟ್ರಿಜ್ ವಾಲ್ವನ್ನು ಬಿಚ್ಚಿ ತೊಳೆಯಬೇಕು ಇಲ್ಲವೇ ಬದಲಾಯಿಸಬೇಕು; ಅದಕ್ಕೆ ಮೊದಲು ಎಲ್ಲ ಕಾಲುಗಳನ್ನೂ ಒಳಕ್ಕೆ ಎಳೆದು ಒತ್ತಡ ಇಳಿಸಿರಬೇಕು. ಒಂದು ಕಾಲು ಕದಲುತ್ತಲೇ ಇಲ್ಲ ಎಂಬ ದೂರಿಗಂತೂ ಆಯಿಲ್ ಮುಟ್ಟದೆಯೇ ಉತ್ತರ ಸಿಗುತ್ತದೆ: ವಾಲ್ವಿನ ಮೇಲಿನ ಕಾಯಿಲನ್ನು (ಅದನ್ನು ತೆರೆಯುವ ವಿದ್ಯುತ್ ಸುರುಳಿಯನ್ನು) ಒಂದು ನಟ್ ಹಿಡಿದಿರುತ್ತದೆ, ಅದನ್ನು ತೆಗೆದು ಪಕ್ಕದ ವಾಲ್ವಿನ ಕಾಯಿಲಿನೊಂದಿಗೆ ಅದಲುಬದಲು ಮಾಡಿ. ತೊಂದರೆ ಕಾಯಿಲಿನ ಜೊತೆಗೆ ಪಕ್ಕಕ್ಕೆ ಹೋದರೆ ಕಾಯಿಲ್ ಸುಟ್ಟಿದೆ. ಅಲ್ಲಿಯೇ ಉಳಿದರೆ ವಾಲ್ವ್ ಅಥವಾ ಅದಕ್ಕೆ ಬರುವ ವೈರ್.

ಆಯಿಲ್ ವಿಚಾರದಲ್ಲಿ ನಮ್ಮೂರಿನದೇ ಒಂದು ಅಪಾಯವಿದೆ. ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕೇಳುವುದು ಡೆಕ್ಸ್‌ರಾನ್ 3 ಜಾತಿಯ ಕೆಂಪು ಟ್ರಾನ್ಸ್‌ಮಿಷನ್ ಆಯಿಲ್. ಪೀಣ್ಯದ ಯಂತ್ರಗಳಲ್ಲಿ ರೂಢಿಯಾಗಿರುವುದು 68ನೇ ನಂಬರಿನ ಹೈಡ್ರಾಲಿಕ್ ಆಯಿಲ್, ವರ್ಕ್‌ಶಾಪಿನವರು ಕಡಿಮೆಯಾದಾಗ ಅದನ್ನೇ ಸುರಿಯಲು ಮುಂದಾಗುತ್ತಾರೆ. ಅದರಿಂದ ಸೀಲ್ ಹಾಳಾಗುವುದಿಲ್ಲ, ಆದರೆ 40 ಡಿಗ್ರಿಯಲ್ಲಿ ಅದು ಕೆಂಪು ಆಯಿಲ್ಲಿಗಿಂತ ಸುಮಾರು ಎರಡು ಪಟ್ಟು ಮಂದ. ಚಳಿಗಾಲದ ಬೆಳಿಗ್ಗೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಸ್ಪ್ರಿಂಗಿನ ಬಲದಿಂದ ಒಳಸರಿಯುವ ಜ್ಯಾಕ್‌ಗಳು ಆಮೆಯ ನಡಿಗೆ ಹಿಡಿಯುತ್ತವೆ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಗ್ಲೈಕಾಲ್ ಮೂಲದ್ದು, ಈ ವ್ಯವಸ್ಥೆಯ ನೈಟ್ರೈಲ್ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಮಟ್ಟ ನೋಡುವುದು ಯಾವಾಗಲೂ ಎಲ್ಲ ಕಾಲುಗಳೂ ಒಳಗಿರುವಾಗ. ಕಾಲು ಇಳಿದಿರುವಾಗ ಟ್ಯಾಂಕ್ ತುಂಬಿಸಿದರೆ ಅವು ಮೇಲೇರುವಾಗ ಆಯಿಲ್ ಉಕ್ಕಿ ಹೊರಬರುತ್ತದೆ, ನೋಡಿದವರು ಅದನ್ನೂ ಸೋರಿಕೆ ಎನ್ನುತ್ತಾರೆ.

ಹೋಸ್ ಬದಲಾಯಿಸಬೇಕಾಗಿ ಬಂದರೆ ಪೀಣ್ಯದಲ್ಲಿ ಅಳತೆಗೆ ಸರಿಯಾಗಿ ಕ್ರಿಂಪ್ ಮಾಡಿ ಕೊಡುತ್ತಾರೆ. ಎಚ್ಚರ ಇರಬೇಕಾದದ್ದು ತುದಿಯ ಫಿಟ್ಟಿಂಗಿನಲ್ಲಿ. ಅಮೆರಿಕದ ಕಿಟ್‌ನಲ್ಲಿ 37 ಡಿಗ್ರಿ ಕೋನದ ಜೆಐಸಿ ಫಿಟ್ಟಿಂಗ್ ಇರುತ್ತದೆ. ನಮ್ಮಲ್ಲಿ ಹೆಚ್ಚು ನಡೆಯುವುದು ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಮರೆಯೂ (ತಿರುಪಿನ ಸುತ್ತುಗಳೂ) ಬೇರೆ, ಕೂರುವ ಕೋನವೂ ಬೇರೆ. ತಪ್ಪು ಜೋಡಿ ಸೋರುವಾಗ ಇನ್ನಷ್ಟು ಬಿಗಿದರೆ ಮರೆ ಹಾಳಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಹಳೆಯ ಹೋಸನ್ನು ಬಿಚ್ಚಿ ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ, ಮರೆಯನ್ನು ಗೇಜಿನಿಂದ ಅಳೆಸಿ ತರುವುದೇ ಸರಿ.

ಎಲ್ಲ ಸರಿಯಿದ್ದೂ ಆಟೋ ಬಟನ್ ಒತ್ತಿದಾಗ ಟ್ರೇಲರ್ ಓರೆಯಾಗಿಯೇ ನಿಂತು, ಪ್ಯಾಡ್ ಮಾತ್ರ ಲೆವೆಲ್ ಆಯಿತು ಎಂದು ಹಸಿರು ತೋರಿಸುತ್ತಿದ್ದರೆ, ಕಂಟ್ರೋಲರಿಗೆ ಕಲಿಸಿದ ಸೊನ್ನೆಯ ಬಿಂದು ತಪ್ಪಿದೆ. ಕಂಟ್ರೋಲರನ್ನು ಬಿಚ್ಚಿ ಮತ್ತೆ ಕೂರಿಸಿದಾಗಲೆಲ್ಲ ಇದು ಆಗುತ್ತದೆ. ಗಾರೆ ಮೇಸ್ತ್ರಿಗಳು ಬಳಸುವ ಉದ್ದನೆಯ ರಸಮಟ್ಟವನ್ನು ಫ್ರೀಜರಿನ ತಳದಲ್ಲಿಯೂ, ನೆಲದ ನಡುವೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಕೈಯಾರೆ ಬಟನ್‌ಗಳಿಂದ ಗುಳ್ಳೆ ನಡುವೆ ಬರುವವರೆಗೆ ಹೊಂದಿಸಿ, ಆಮೇಲೆ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಆ ಸ್ಥಿತಿಯನ್ನು ಸೊನ್ನೆ ಎಂದು ಉಳಿಸಬೇಕು. ಫೋನಿನ ಆ್ಯಪ್ ಈ ಕೆಲಸಕ್ಕೆ ಬೇಡ ಎನ್ನುತ್ತೇನೆ. 2 ಮೀಟರ್ ಅಗಲದ ಟ್ರೇಲರಿನಲ್ಲಿ ಒಂದು ಡಿಗ್ರಿ ವ್ಯತ್ಯಾಸವೆಂದರೆ ಮೂರೂವರೆ ಸೆಂ.ಮೀ., ಅಷ್ಟು ತಪ್ಪು ಫೋನಿನ ಹಿಂಬದಿಯ ಕ್ಯಾಮೆರಾ ಉಬ್ಬಿನಿಂದಲೇ ಬರಬಹುದು.

ಜ್ಯಾಕಿನ ಉದ್ದವನ್ನೆಲ್ಲ ಬಳಸಿ ಇಳಿಜಾರನ್ನು ಗೆಲ್ಲಲು ಹೋಗುವುದೂ ತರವಲ್ಲ. ಮೊದಲು ತಗ್ಗಿನ ಬದಿಯ ಚಕ್ರದ ಕೆಳಗೆ ಹಲಗೆ ಕೊಟ್ಟು ಎಡಬಲದ ಓರೆಯನ್ನು ಕಳೆಯಬೇಕು, ಚಕ್ರಗಳಿಗೆ ಹಿಂದೆ ಮುಂದೆ ತಡೆ ಇಡಬೇಕು, ಆಮೇಲೆ ಕಾರನ್ನು ಬಿಡಿಸಿ ಹಿಂದುಮುಂದಿನ ಓರೆಯನ್ನು ಜ್ಯಾಕ್‌ಗಳಿಂದ ಸರಿಪಡಿಸಬೇಕು. ಕಾಲುಗಳನ್ನು ಜೋಡಿಯಾಗಿಯೇ ಆಡಿಸಬೇಕು. ಒಂದೇ ಮೂಲೆಯನ್ನು ಎತ್ತಿದರೆ ಛಾಸಿ ತಿರುಚಿಕೊಂಡು ಬಾಗಿಲು ಕೂರುವುದಿಲ್ಲ, ಕಿಟಕಿಯ ಸುತ್ತ ಬಿರುಕು ಬರುತ್ತದೆ. ಬ್ರೇಕ್ ಇರುವುದು ಚಕ್ರಕ್ಕೆ, ಆದ್ದರಿಂದ ಚಕ್ರಗಳು ನೆಲ ಬಿಡುವಷ್ಟು ಎತ್ತಬಾರದು.

ಸೋರಿಕೆ ಹುಡುಕುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. 36 ಮಿ.ಮೀ. ವ್ಯಾಸದ ಪಿಸ್ಟನ್ ಒಂದು ಟನ್ ಎತ್ತುವಾಗ ಒಳಗಿನ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 100 ಕೆ.ಜಿ. ಇರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಹೊರಬರುವ ಆಯಿಲ್ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗಬಲ್ಲದು. ಹೊರಗೆ ಚಿಕ್ಕ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಮೊದಲು ಹೆಚ್ಚಿರುವುದಿಲ್ಲ, ಆದರೆ ಒಳಗಿನ ಊತಕ ಸಾಯತೊಡಗಿರುತ್ತದೆ. ತಡಮಾಡದೆ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಆಯಿಲ್ ಚುಚ್ಚಿದೆ ಎಂದು ಸ್ಪಷ್ಟವಾಗಿ ಹೇಳಬೇಕಾದ, ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ ಅದು. ಹೋಸಿನ ಮೇಲೆ ಎಂದೂ ಕೈ ಆಡಿಸಬೇಡಿ. ರಟ್ಟಿನ ತುಂಡನ್ನು ದೂರದಿಂದ ಹಿಡಿದು ಸರಿಸಿ, ಕೆಂಪು ಆಯಿಲ್ ಅದರ ಮೇಲೆ ಗೆರೆ ಎಳೆಯುತ್ತದೆ. ಟ್ರೇಲರಿನ ಕೆಳಗೆ ತೂರಲೇಬೇಕಾದರೆ ಛಾಸಿಯ ಕೆಳಗೆ ಭಾರಕ್ಕೆ ತಕ್ಕ ಕಬ್ಬಿಣದ ಸ್ಟ್ಯಾಂಡ್‌ಗಳನ್ನು ಇಟ್ಟ ಮೇಲೆಯೇ ತೂರಬೇಕು, ಏಕೆಂದರೆ ಒಂದು ಹೋಸ್ ಒಡೆದರೆ ಆ ಕಾಲು ಕುಸಿಯಲು ಕ್ಷಣವೂ ಬೇಕಾಗುವುದಿಲ್ಲ.

ಜೂನ್ ಮಳೆ ಹಿಡಿಯುವ ಮೊದಲು ನಾವು ಎಲ್ಲ ಕಾಲುಗಳನ್ನೂ ಪೂರ್ತಿ ಒಳಸರಿಸಿ, ರಾಡುಗಳ ಕೆಸರನ್ನು ಕೆಂಪು ಆಯಿಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಟ್ರೇಲರಿನ ಭಾರವನ್ನು ಚಕ್ರಗಳಿಗೂ ಸ್ಟ್ಯಾಂಡ್‌ಗಳಿಗೂ ಬಿಡುತ್ತೇವೆ. ಹೊರಗೆ ಉಳಿದ ರಾಡ್ ತುಕ್ಕು ಹಿಡಿದರೆ ಆ ಒರಟು ಜಾಗ ಮುಂದಿನ ಸಲ ಒಳಗೆ ಹೋಗುವಾಗ ಸೀಲನ್ನು ಕೊಯ್ಯುತ್ತದೆ, ಅಲ್ಲಿಗೆ ನಿಜವಾದ ಹೈಡ್ರಾಲಿಕ್ ದೋಷವೊಂದು ಶುರುವಾಗುತ್ತದೆ. ಅದೇ ಹೊತ್ತಿಗೆ ಅರ್ಥ್ ಬೋಲ್ಟನ್ನೂ ಬಿಚ್ಚಿ, ತಿಕ್ಕಿ, ವ್ಯಾಸಲೀನ್ ಹಚ್ಚಿ ಮತ್ತೆ ಬಿಗಿದು, ಪಂಪಿನ ತುದಿಯ ವೋಲ್ಟೇಜನ್ನು ಭಾರದಲ್ಲಿ ಅಳೆದು ಮುಚ್ಚಳದ ಒಳಬದಿಯಲ್ಲಿ ತಾರೀಕಿನೊಂದಿಗೆ ಬರೆದಿಡುತ್ತೇವೆ. ಮುಂದಿನ ವರ್ಷ ಹೋಲಿಸಿ ನೋಡಲು ಅದೊಂದು ಅಂಕಿ ಸಾಕು.